ಭಾನುವಾರ ಯಾರೂ ಸಾಯದ ಊರು

ಕಚೇರಿಯಲ್ಲಿ ಅವಳಿಗೆ ಕಡತದಕ್ಕ ಎಂದೇ ಹೆಸರು. ಎದುರಿಗೂ ಅದೇ, ಬೆನ್ನ ಹಿಂದೆಯೂ ಅದೇ. ಬೆನ್ನ ಹಿಂದೆ ಬೇರೊಂದು ಹೆಸರು ಕಟ್ಟುವಷ್ಟು ಆಸಕ್ತಿ ಯಾರಿಗೂ ಇದ್ದಂತಿರಲಿಲ್ಲ. ನ್ಯಾಯಾಲಯದ ಕಟ್ಟಡದ ನೆಲಮಾಳಿಗೆಯಲ್ಲಿ ಹಳೆಯ ದಾಖಲೆಗಳ ಕೋಣೆ. ಮೇಲಿನವರು ಯಾವತ್ತೋ ಬರೆದು, ಜಗಳವಾಡಿ, ಮರೆತ ಕಾಗದವೆಲ್ಲ ಕೊನೆಗೆ ಇಳಿದು ಬರುವುದು ಅಲ್ಲಿಗೆ. ಪೊಲೀಸ್ ಠಾಣೆಗಳದ್ದೂ ಅಲ್ಲಿಗೇ, ಹಳೆಯ ಆಸ್ಪತ್ರೆ ಕೆಡವಿದಾಗ ಅದರ ಪುಸ್ತಕಗಳೂ ಅಲ್ಲಿಗೇ. ಮೂವತ್ತೇಳು ವರ್ಷ ಅವಳು ಆ ಕೋಣೆಯ ಧೂಳು ಕುಡಿದಿದ್ದಳು. ಬೆಳಿಗ್ಗೆ ಮೊದಲ ಸೀನು ಬಂದ ಮೇಲೆಯೇ ಕೆಲಸ ಶುರುವಾದಂತೆ. ಇಪ್ಪತ್ತೆರಡು ಮೆಟ್ಟಿಲು ಇಳಿಯುವಾಗ ಮೊಣಕಾಲು ಗೊಣಗುತ್ತಿತ್ತು, ಹತ್ತುವಾಗ ಬಾಯಿಬಿಟ್ಟು ಬೈಯುತ್ತಿತ್ತು. ನಿವೃತ್ತಿಗೆ ಇನ್ನೊಂದು ತಿಂಗಳು. ಆ ಒಂದು ತಿಂಗಳನ್ನು ಹೇಗೋ ತಳ್ಳಿಬಿಟ್ಟರೆ ಸಾಕಾಗಿತ್ತು.

ತಳ್ಳಲು ಬಿಡಬೇಕಲ್ಲ! ತಿಂಗಳ ಮೊದಲ ದಿನವೇ ಮೇಲಿನಿಂದ ಒಂದು ಸುತ್ತೋಲೆ ಇಳಿಯಿತು. ನಲವತ್ತು ವರ್ಷ ದಾಟಿದ, ಪತ್ತೆಯಾಗದೆ ಮುಚ್ಚಿದ ಪ್ರಕರಣಗಳ ಕಡತಗಳನ್ನು ತಿಂಗಳ ಕೊನೆಯೊಳಗೆ ನಾಶಪಡಿಸತಕ್ಕದ್ದು. ಪ್ರತಿ ಕಟ್ಟನ್ನೂ ದಾಖಲೆ ಗುಮಾಸ್ತರು ಖುದ್ದಾಗಿ ಬಿಚ್ಚಿ ನೋಡಿ, ಒಂದು ಸಾಲಿನ ಷರಾ ಬರೆದು, ಸಹಿ ಹಾಕತಕ್ಕದ್ದು. ಹದಿನೇಳನೇ ಕಪಾಟು ಪೂರ್ತಿಯಾಗಿ ಆ ಪಟ್ಟಿಯಲ್ಲಿತ್ತು.

ಹದಿನೇಳನೇ ಕಪಾಟನ್ನು ಕಡತದಕ್ಕ ಮೂವತ್ತೇಳು ವರ್ಷದಲ್ಲಿ ಒಂದು ಸಲವೂ ಮುಟ್ಟಿರಲಿಲ್ಲ. ಗುಡಿಸುವಾಗಲೂ ಪೊರಕೆ ಅದರ ಹತ್ತಿರ ಬಂದರೆ ಸುತ್ತುಹಾಕಿಕೊಂಡು ಹೋಗುತ್ತಿತ್ತು. ಅದರ ಮೂರನೇ ಹಲಗೆಯ ಮೇಲೆ ಅವಳ ಅಣ್ಣ ಇದ್ದ.

ವಿಷಯ ಹೇಳಿಬಿಡುವುದೇ ಒಳ್ಳೆಯದು; ಊರಿನವರೆಲ್ಲ ಒಂದು ಕಾಲಕ್ಕೆ ಬಾಯಿ ಚಪ್ಪರಿಸಿಕೊಂಡು ಆಡಿದ ಮಾತೇ ಅದು. ನಲವತ್ತೊಂದು ವರ್ಷದ ಹಿಂದೆ, ಹದಿನಾಲ್ಕು ತಿಂಗಳೊಳಗೆ ನಾಲ್ವರು ಹೆಂಗಸರು ಸತ್ತರು. ಮನೆಮನೆಗೆ ಹಾಲು ಹಾಕುವವಳು, ಶಾಲೆಯ ಆಯಾ, ಮಿಲ್ಲಿನಲ್ಲಿ ಕಸ ಗುಡಿಸುವವಳು, ಹೊಲಿಗೆಯವಳು. ನಾಲ್ವರೂ ಒಂಟಿಯಾಗಿ ಬದುಕುತ್ತಿದ್ದವರು. ನಾಲ್ವರ ಕುತ್ತಿಗೆಗೂ ತಂತಿ. ಒಂದೊಂದೂ ಒಂದೊಂದು ಠಾಣೆಯ ಸರಹದ್ದಿನಲ್ಲಿ ನಡೆದದ್ದರಿಂದ ಮೊದಲ ಮೂರಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಾಲ್ಕನೆಯದಾದ ಮೇಲೆ ಪತ್ರಿಕೆಯವರು ನಾಲ್ಕನ್ನೂ ಸೇರಿಸಿ ಬರೆದರು, ಊರು ಗಡಗಡ ನಡುಗಿತು, ಹೊರಗಿನಿಂದ ವಿಶೇಷ ತಂಡ ಬಂತು. ತಂಡದವರಿಗೆ ಊರು ಗೊತ್ತಿಲ್ಲ, ಜನ ಗೊತ್ತಿಲ್ಲ. ನಾಲ್ಕು ಠಾಣೆಗಳಿಂದ ಕಾಗದ ತರಿಸಿ ಒಂದು ಪಟ್ಟಿ ಹಾಕಿದರು. ನಾಲ್ಕು ತಾರೀಕುಗಳೂ ಸೋಮವಾರವೇ ಬಂದವು. ತಂತಿ ನೋಡಿದರೆ ವಿದ್ಯುತ್ ಕಂಬಕ್ಕೆ ಕಟ್ಟುವಂಥದ್ದು. ವಿದ್ಯುತ್ ಕಚೇರಿಗೆ ಹೋಗಿ, ಸೋಮವಾರ ರಜೆ ಯಾರಿಗೆ ಎಂದು ಕೇಳಿದರು. ಆರು ಜನ ಲೈನ್‌ಮನ್‌ಗಳಲ್ಲಿ ಒಬ್ಬನಿಗೆ ಮಾತ್ರ. ಅವನು ಕಡತದಕ್ಕನ ಅಣ್ಣ, ಆಗ ಇಪ್ಪತ್ತನಾಲ್ಕು ವರ್ಷ.

ಹನ್ನೊಂದು ದಿನ ಇಟ್ಟುಕೊಂಡು ಬಿಟ್ಟರು. ಮೊಕದ್ದಮೆ ಹೂಡಲಿಲ್ಲ. ಕೊಂದವನು ಇವನೇ ಎನ್ನಲಿಲ್ಲ, ಇವನಲ್ಲ ಎಂದೂ ಹೇಳಲಿಲ್ಲ. ಅವರು ಹೇಳದೆ ಬಿಟ್ಟದ್ದನ್ನು ಊರೇ ಹೇಳಿಕೊಂಡಿತು. ಅವನು ಕಂಬ ಹತ್ತಿದರೆ ಕೆಳಗಿನ ಮನೆಯವರು ಕಿಟಕಿ ಮುಚ್ಚುತ್ತಿದ್ದರು. ಕಚೇರಿಯವರು ಅವನನ್ನು ಕಂಬದಿಂದ ಇಳಿಸಿ ಹಿತ್ತಲಿನ ಶೆಡ್ಡಿನಲ್ಲಿ ಮೀಟರು ರಿಪೇರಿಗೆ ಕೂರಿಸಿದರು. ನಿವೃತ್ತಿಯವರೆಗೂ ಅಲ್ಲೇ ಕೂತ. ಅವನ ಮದುವೆಯ ಮಾತು ಮುರಿಯಿತು, ಅವಳದ್ದು ಶುರುವಾಗಲೇ ಇಲ್ಲ. ಕೊಲೆಗಳು ಅಲ್ಲಿಗೆ ನಿಂತವು. ನೋಡಿದ್ರಾ, ಹಿಡಿದ ಮೇಲೆ ಹೇಗೆ ನಿಂತವು ಎಂದು ಅದನ್ನೂ ಅವನ ತಲೆಗೇ ಕಟ್ಟಿದರು. ಎರಡು ವರ್ಷಕ್ಕೆ ಅಮ್ಮ ಕಣ್ಣು ಮುಚ್ಚಿದಳು. ಎರಡು ಕೋಣೆಯ ಅದೇ ಬಾಡಿಗೆ ಮನೆಯಲ್ಲಿ ಅಣ್ಣ ತಂಗಿ ಇಬ್ಬರೇ ಉಳಿದರು.

ಮಾತು ಕಡಿಮೆಯ ಮನುಷ್ಯ. ಅಕ್ಕಪಕ್ಕದವರು ಅವನೊಡನೆ ಮಾತಾಡುತ್ತಿರಲಿಲ್ಲ, ಆದರೆ ಕೆಟ್ಟ ಫ್ಯಾನು, ಇಸ್ತ್ರಿ ಪೆಟ್ಟಿಗೆ ಮಾತ್ರ ತಂಗಿಯ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಜನರ ನಾಚಿಕೆ ಎಷ್ಟು ಅನುಕೂಲಸ್ಥ ನೋಡಿ. ಅವನೂ ಒಂದು ಮಾತು ಕೇಳದೆ ಸರಿಮಾಡಿ ಕೊಡುತ್ತಿದ್ದ. ಚೂಪು ಮೂತಿಯ ಸಣ್ಣ ಎಣ್ಣೆ ಡಬ್ಬಿಯೊಂದು ಸದಾ ಅವನ ಕೈಗೆಟುಕುವಲ್ಲಿ ಇರುತ್ತಿತ್ತು. ಹೊಲಿಗೆ ಯಂತ್ರ, ಕಿಟಕಿಯ ಕೀಲು, ಬಾವಿಯ ರಾಟೆ, ಎಲ್ಲಕ್ಕೂ ತಿಂಗಳ ಕೊನೆಯ ದಿನ ಒಂದೊಂದು ತೊಟ್ಟು. ಆ ಮನೆಯಲ್ಲಿ ಕಿರುಗುಟ್ಟುವ ವಸ್ತು ಅಂತ ಒಂದೂ ಇರಲಿಲ್ಲ.

ಅಣ್ಣ ಏನೂ ಮಾಡಿಲ್ಲ ಎಂದು ಕಡತದಕ್ಕ ಕೇಳಿದವರಿಗೆಲ್ಲ ಹೇಳಿದ್ದಳು, ಕೇಳದವರಿಗೂ ಹೇಳಿದ್ದಳು. ಹೇಳಿದ್ದು ನಿಜ. ಆದರೆ ಅವಳಿಗೆ ಅದು ಗೊತ್ತಿರಲಿಲ್ಲ.

ಮೂರನೇ ಕೊಲೆಯ ತಾರೀಕಿನಂದು, ಆ ಸೋಮವಾರ, ಹತ್ತೊಂಬತ್ತರ ಅವಳು ಟೈಪಿಂಗ್ ತರಗತಿಯಿಂದ ತಲೆನೋವೆಂದು ಮಧ್ಯಾಹ್ನವೇ ಮನೆಗೆ ಬಂದಿದ್ದಳು. ಬಾಗಿಲಿಗೆ ಬೀಗ. ಅಮ್ಮ ಕೆಲಸಕ್ಕೆ ಹೋಗಿದ್ದಳು, ರಜೆಯಲ್ಲಿದ್ದ ಅಣ್ಣ ಮನೆಯಲ್ಲಿರಬೇಕಿತ್ತು, ಇರಲಿಲ್ಲ. ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತು ಮತ್ತೆ ತರಗತಿಗೇ ಹೋದಳು. ತಿಂಗಳುಗಳು ಕಳೆದ ಮೇಲೆ ಪೊಲೀಸರು ಕೇಳಿದಾಗ ಅಣ್ಣ, ಸೋಮವಾರ ನಾನು ಮನೆಯಲ್ಲೇ ಮಲಗಿರುತ್ತೇನೆ ಎಂದಿದ್ದಾನೆಂದು ಗೊತ್ತಾಯಿತು. ಅವಳನ್ನು ಕೇಳಿದರು. ಹೌದು, ಆ ದಿನ ಮಧ್ಯಾಹ್ನ ನಾನು ಬಂದಾಗ ಅಣ್ಣ ಮಲಗಿದ್ದ ಎಂದು ಹೇಳಿ, ಕೆಳಗೆ ಸಹಿ ಹಾಕಿದಳು. ಅಣ್ಣ ಬಿಡುಗಡೆಯಾಗಿ ಬಂದ ದಿನ ಅವನಿಗೆ ಊಟ ಬಡಿಸಿ, ತನ್ನ ಕೋಣೆಗೆ ಹೋಗಿ, ಒಳಗಿನಿಂದ ಚಿಲಕ ಹಾಕಿಕೊಂಡಳು.

ಅಂದಿನಿಂದ ಪ್ರತಿ ದಿನ ಮಲಗುವ ಮುಂಚೆ ಅದೊಂದು ಕೆಲಸ. ಮೊದಮೊದಲು ಚಿಲಕ ಕಿರುಗುಟ್ಟುತ್ತಿತ್ತು, ಜೀವ ಬಾಯಿಗೆ ಬರುತ್ತಿತ್ತು. ಹೇಗೆ ಹಿಡಿದು ಹೇಗೆ ಸರಿಸಬೇಕೆಂದು ಕೈಗೆ ಅಭ್ಯಾಸವಾದ ಮೇಲೆ ಸದ್ದು ನಿಂತೇಹೋಯಿತು. ಅಣ್ಣನಿಗೆ ಗೊತ್ತಾಗುವ ದಾರಿಯಿಲ್ಲ ಎನ್ನುವುದೊಂದೇ ಸಮಾಧಾನ. ತನ್ನ ಕೈಯಿಂದ ಬಡಿಸಿಕೊಂಡು ಉಣ್ಣುವ ಅಣ್ಣನಿಗೆ ಹೆದರಿ ಬಾಗಿಲು ಹಾಕಿಕೊಳ್ಳುವುದು ಎಂಥ ಪಾಪ ಎಂದು ಅವಳಿಗೆ ಅನ್ನಿಸುತ್ತಿತ್ತು. ಅನ್ನಿಸಿದರೂ ಹಾಕಿಕೊಳ್ಳುತ್ತಿದ್ದಳು.

ಈಗ ಕಪಾಟಿನ ಮುಂದೆ ನಿಂತವಳಿಗೆ ದಾರಿ ಎರಡೇ. ಬಿಚ್ಚದೆ ಸಹಿ ಹಾಕಿದರೆ ಕಾಗದವೆಲ್ಲ ಚೂರಾಗುತ್ತದೆ, ಆಮೇಲೆ ಸಾಯುವವರೆಗೂ ಚಿಲಕ ಹಾಕಿಕೊಂಡಿರಬೇಕು. ಬಿಚ್ಚಿದರೆ ಅಣ್ಣನೇ ಎಂದು ಗೊತ್ತಾದರೂ ಗೊತ್ತಾದೀತು.

ಮೇಲಿನ ಅಂತಸ್ತಿನ ಸೂಪರಿಂಟೆಂಡೆಂಟರು ವಯಸ್ಸಿನಲ್ಲಿ ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಒಳ್ಳೆಯವರು, ಸದಾ ಆತುರ. ಕೆಳಗೆ ಬರಲು ಅವರಿಗೂ ಮನಸ್ಸಿಲ್ಲ. ಮೆಟ್ಟಿಲ ತಲೆಯಲ್ಲೇ ನಿಂತು ಕೂಗಿದರು.

"ಅಕ್ಕಾ, ಒಂದೊಂದು ಸಾಲು ಬರೆದು ಮುಗಿಸಿಬಿಡಿ. ಯಾರು ಓದ್ತಾರೆ ಅದನ್ನ?"

"ಓದೋರಿಗೇನು ಸರ್, ಬರೆಯೋರಿಗೆ ಕಷ್ಟ," ಎಂದಳು ಕಡತದಕ್ಕ.

ಒಂದು ವಾರ ಬೇರೆ ಕಟ್ಟುಗಳನ್ನೆಲ್ಲ ಮುಗಿಸಿದಳು. ಪತ್ತೆಯಾಗಿಲ್ಲ, ನಾಶಪಡಿಸಬಹುದು. ಪತ್ತೆಯಾಗಿಲ್ಲ, ನಾಶಪಡಿಸಬಹುದು. ಇನ್ನು ಮುಂದೂಡಲು ಬೇರೆ ಕಟ್ಟೇ ಉಳಿಯದಾಗ ಸ್ಟೂಲು ಎಳೆದುಕೊಂಡು ಮೂರನೇ ಹಲಗೆಗೆ ಕೈ ಹಾಕಿದಳು. ನಾಲ್ಕು ಕಟ್ಟು, ಒಂದು ತಗಡಿನ ಟ್ರಂಕು.

ನಾಲ್ಕೂ ಕಟ್ಟುಗಳನ್ನು ಓದಲು ಆರು ದಿನ ಹಿಡಿಯಿತು. ಠಾಣೆಯ ರೈಟರುಗಳ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಭಾಷೆಯೋ, ದೇವರಿಗೇ ಪ್ರೀತಿ: ಸದರಿ ದಿನ ಸದರಿ ಮೃತಳು ಸದರಿ ಮನೆಯಲ್ಲಿ. ಸತ್ತವರ ಬಗ್ಗೆ ಓದುವುದಕ್ಕಿಂತ ಅವರ ಬಳಿ ಇದ್ದ ವಸ್ತುಗಳ ಪಟ್ಟಿ ಓದುವುದು ಅವಳಿಗೆ ಕಷ್ಟವಾಯಿತು. ಆಯಾಳ ಸೆರಗಿನ ಗಂಟಿನಲ್ಲಿ ಒಂದು ಬಾಚಣಿಗೆ, ಒಂದು ಬೀಗದ ಕೈ, ಮಕ್ಕಳಿಂದ ಕಿತ್ತುಕೊಂಡ ಎರಡು ಗೋಲಿ. ನಲವತ್ತೊಂದು ವರ್ಷದಲ್ಲಿ ಈ ನಾಲ್ವರನ್ನು ತಾನು ಹೆಂಗಸರೆಂದು ಒಮ್ಮೆಯೂ ನೆನೆದಿಲ್ಲ, ಅಣ್ಣನ ತಲೆಗೆ ಬಂದ ನಾಲ್ಕು ಗಂಡಾಂತರ ಎಂದೇ ಎಣಿಸಿದ್ದೆ ಎಂದು ಹೊಳೆದು ಅವಳಿಗೆ ನಾಚಿಕೆಯಾಯಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು.

ಮೂರನೇ ಕಟ್ಟಿನಲ್ಲಿ ಅವಳೇ ಸಿಕ್ಕಳು. ಟೈಪಿಂಗ್ ಕಲಿಯುವ ಹುಡುಗಿಯ ಗುಂಡನೆಯ ಸಹಿ. ನಾನು ಮಧ್ಯಾಹ್ನ ಮನೆಗೆ ಬಂದಾಗ ಸದರಿ ನನ್ನ ಅಣ್ಣನು ಮಲಗಿದ್ದನು. ಆ ಸಾಲಿನ ಕೆಳಗೆ ಯಾರೋ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಅವನನ್ನು ಬಿಟ್ಟದ್ದು ಬಹುಶಃ ಈ ಸಾಲಿಗೇ. ಅವಳು ಆ ದಿನ ಮತ್ತೇನೂ ಓದದೆ ಮನೆಗೆ ಹೋದಳು.

ಮಾರನೆಯ ದಿನ ಅದನ್ನು ಬದಿಗಿಟ್ಟು, ಅರ್ಧಕ್ಕೆ ಬಿಟ್ಟಿದ್ದ ಎರಡನೇ ಕಟ್ಟಿನ ಉಳಿದ ಹಾಳೆಗಳನ್ನು ತಿರುವುವಾಗ ಆಯಾಳ ನೆರೆಮನೆಯವಳ ಹೇಳಿಕೆ ಬಂತು. ಸದರಿ ದಿನ ಮಿಲ್ಲಿನ ಸಿಳ್ಳೆ ಊದದ ಕಾರಣ ನನಗೆ ಎಚ್ಚರವಾದದ್ದು ತಡವಾಗಿ. ಎದ್ದು ನೋಡಲಾಗಿ ಮೃತಳು ಬಾಗಿಲ ಮುಂದೆ ಪಾತ್ರೆ ತೊಳೆಯುತ್ತಿದ್ದಳು.

ಹಾಳೆ ಮಗುಚಿದಳು. ಮತ್ತೆ ಹಿಂದಕ್ಕೆ ಬಂದಳು.

ಆ ಮಿಲ್ಲಿನ ಸಿಳ್ಳೆಗೆ ಅವಳೂ ಎದ್ದವಳೇ. ಬೆಳಗಿನ ಐದೂವರೆಗೆ ಊರಿಗೆ ಊರೇ ಅದನ್ನು ಬೈದುಕೊಂಡು ಏಳುತ್ತಿತ್ತು. ವಾರದಲ್ಲಿ ಒಂದೇ ಒಂದು ದಿನ ಅದು ಊದುತ್ತಿರಲಿಲ್ಲ, ಮಿಲ್ಲಿಗೆ ರಜೆಯಿದ್ದ ಭಾನುವಾರ. ಕಡತದ ಮೇಲೆ ಮಾತ್ರ ಸೋಮವಾರದ ತಾರೀಕು.

ಹಾಳೆಯನ್ನು ಕೆಳಗಿಟ್ಟಳು. ಈ ಕೋಣೆಗೆ ಬಂದ ಪ್ರತಿ ಹೊಸ ಗುಮಾಸ್ತನಿಗೂ ಕಡತದಕ್ಕ ಹೇಳುತ್ತಿದ್ದ ಒಂದು ತಮಾಷೆಯಿತ್ತು: ಹಳೇ ಪುಸ್ತಕ ನೋಡು, ನಮ್ಮೂರಲ್ಲಿ ಮೂವತ್ತು ವರ್ಷ ಭಾನುವಾರ ಒಬ್ಬರೂ ಸತ್ತಿಲ್ಲ! ಕಾರಣ ಅವಳಿಗೆ ಚೆನ್ನಾಗಿ ಗೊತ್ತು. ಆಗ ಭಾನುವಾರ ಶವಾಗಾರದ ಡಾಕ್ಟರಿಗೂ ರಜೆ, ಠಾಣೆಯ ರೈಟರಿಗೂ ರಜೆ. ಭಾನುವಾರ ಬಂದ ಹೆಣವನ್ನು ಮಂಜುಗಡ್ಡೆಯ ಮೇಲೆ ಮಲಗಿಸುತ್ತಿದ್ದರು. ಸೋಮವಾರ ಬೆಳಿಗ್ಗೆ ರೈಟರು ಬಂದು ಎಲ್ಲವನ್ನೂ ಆ ದಿನದ ತಾರೀಕಿನಲ್ಲೇ ಬರೆಯುತ್ತಿದ್ದ. ಹಿಂದಿನ ತಾರೀಕು ಹಾಕಿದರೆ ಯಾಕೆ ತಡ ಎಂದು ಮೇಲಿನಿಂದ ಪ್ರಶ್ನೆ ಬರುತ್ತದೆ. ಉತ್ತರ ಬರೆಯುವ ತಲೆನೋವು ಯಾರಿಗೆ ಬೇಕು? ಹೊರಗಿನಿಂದ ಬಂದ ತಂಡಕ್ಕೆ ಈ ಪದ್ಧತಿ ಗೊತ್ತಿರಲಿಲ್ಲ, ಪತ್ರಿಕೆಯವರೂ ತಾರೀಕು ಎತ್ತಿಕೊಂಡದ್ದು ಠಾಣೆಯ ಪುಸ್ತಕದಿಂದಲೇ. ಸಾಕ್ಷಿಗಳ ಹೇಳಿಕೆಗಳಲ್ಲೆಲ್ಲ ವಾರದ ಹೆಸರಿರಲಿಲ್ಲ, ಇದ್ದದ್ದು ಸದರಿ ದಿನ. ಓದಿ ಹೇಳುವಾಗಲೂ ಹಾಗೆಯೇ ಓದಿದ್ದರು, ಅವರೂ ಹೌದು ಎಂದು ಹೆಬ್ಬೆಟ್ಟು ಒತ್ತಿದ್ದರು.

ಇದೆಲ್ಲ ಗೊತ್ತಿದ್ದವಳು ಅವಳು. ಮೂವತ್ತೇಳು ವರ್ಷ ಅದನ್ನು ಹೇಳಿ ನಗಿಸಿದ್ದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪರರ ಕಡತಗಳನ್ನೆಲ್ಲ ಕಾದು, ತನ್ನ ಮನೆಯ ಕಡತದ ಮುಂದೆ ಮಾತ್ರ ಪೊರಕೆ ತಿರುಗಿಸಿಕೊಂಡು ಹೋಗಿದ್ದಳು. ಸ್ಟೂಲಿನ ಮೇಲೆ ಕೂತವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು, ಆದರೆ ಸಿಟ್ಟು ಮಾಡಲು ಬೇಕಾದ ಶಕ್ತಿ ಇರಲಿಲ್ಲ.

ಒಂದು ಸಿಳ್ಳೆಯಿಂದ ಏನೂ ಸಾಬೀತಾಗುವುದಿಲ್ಲ. ಮೂವತ್ತೊಂದನೇ ಕಪಾಟಿನಲ್ಲಿ ಹಳೆಯ ಆಸ್ಪತ್ರೆಯ ಪುಸ್ತಕಗಳಿದ್ದವು. ಶವಾಗಾರದ ಪುಸ್ತಕ ನೋಡಿದರೆ ನಾಲ್ಕೂ ಸೋಮವಾರ, ಅದು ನಿರೀಕ್ಷಿಸಿದ್ದೇ. ಅದರ ಪಕ್ಕದಲ್ಲಿ ಬಟ್ಟೆ ಪುಸ್ತಕವಿತ್ತು. ಯಾವ ವಾರ್ಡಿಗೆ ಎಷ್ಟು ಹಾಸು, ಎಷ್ಟು ಹೊದಿಕೆ ಎಂದು ಬಟ್ಟೆ ಒಗೆಯುವವನು ಬರೆದಿಟ್ಟದ್ದು. ನಾಲ್ಕು ತಾರೀಕುಗಳ ಹಿಂದಿನ ದಿನಗಳನ್ನು ತೆಗೆದಳು. ಭಾನುವಾರ, ಶವಾಗಾರಕ್ಕೆ, ಬಿಳಿ ಹೊದಿಕೆ ಒಂದು. ಭಾನುವಾರ, ಶವಾಗಾರಕ್ಕೆ, ಒಂದು. ನಾಲ್ಕು ಸಲವೂ ಸಂಜೆ ಐದರೊಳಗೆ, ನಾಲ್ಕು ಸಲವೂ ಭಾನುವಾರ.

ಪುಸ್ತಕಗಳೂ ಮನುಷ್ಯರ ಹಾಗೆ ಸುಳ್ಳು ಹೇಳುತ್ತವೆಂದು ಅವಳಿಗೆ ಗೊತ್ತಿತ್ತು. ಅರ್ಧ ದಿನ ರಜೆ ಹಾಕಿ ಬರೆದವನನ್ನೇ ಹುಡುಕಿಕೊಂಡು ಹೋದಳು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮಗಳ ಮನೆಯಲ್ಲಿದ್ದ, ಎಂಬತ್ತಮೂರರ ಮುದುಕ. ಕೈ ನಡುಗುತ್ತಿದ್ದರೂ ತನ್ನ ಅಂಗಿಗೆ ತಾನೇ ಇಸ್ತ್ರಿ ಹಾಕುತ್ತಿದ್ದ.

"ಯಜಮಾನ್ರೇ, ಶವಾಗಾರಕ್ಕೆ ಹೊದಿಕೆ ಕೊಟ್ಟಿದ್ದು ನೀವು ಯಾವಾಗ ಬರೀತಿದ್ರಿ? ಆವತ್ತೇನಾ, ಮಾರನೇ ದಿನವಾ?"

"ಆವತ್ತೇ ಕಣಮ್ಮಾ. ಡಾಕ್ಟ್ರಿಗೆ ಭಾನುವಾರ ರಜ, ರೈಟರಿಗೂ ರಜ. ಹೆಣಕ್ಕೆಲ್ಲಿ ರಜ? ನನಗೆಲ್ಲಿತ್ತು ರಜ? ಬಂದ ತಕ್ಷಣ ಹೊದಿಸ್ಬೇಕು. ಆಗಲೇ ಬರೀಲಿಲ್ಲ ಅಂದ್ರೆ ಬೆಳಿಗ್ಗೆ ನರ್ಸಮ್ಮ ಒಂದು ಹೊದಿಕೆ ಕಮ್ಮಿ ಬಂತು ಅಂತ ನನ್ನ ಜುಟ್ಟು ಹಿಡೀತಿದ್ಲು."

"ಮರೆತು ಆಮೇಲೆ ಬರೆದಿದ್ದು ಯಾವತ್ತಾದ್ರೂ..."

"ಸತ್ತೋರ ದಿನ ತಪ್ಪಿದ್ರೆ ಯಾರೂ ಕೇಳಲ್ಲ ತಾಯಿ. ಹೊದಿಕೆ ತಪ್ಪಿದ್ರೆ ಕೇಳ್ತಾರೆ. ನಾನು ಮರೀತೀನಾ?"

"ಆ ನಾಲ್ಕು ಹೆಂಗಸರ ವಿಷಯಕ್ಕೆ ಪೊಲೀಸ್ರು ನಿಮ್ಮನ್ನ ಕೇಳ್ಲಿಲ್ವಾ?"

ಮುದುಕ ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ಅವಳನ್ನು ನೋಡಿದ. "ಬಟ್ಟೆ ಒಗೆಯೋನ್ನ ಯಾರು ಕೇಳ್ತಾರೆ?"

ಕೊಲೆ ಭಾನುವಾರವಾಗಿದ್ದರೆ ಅಣ್ಣನಿಗೆ ಕೆಲಸವಿತ್ತು. ಭಾನುವಾರ ಮಿಲ್ಲು ಮುಚ್ಚಿರುವುದರಿಂದ ಅದರ ಲೈನು ಬಂದ್ ಮಾಡಿ ರಿಪೇರಿ ಮಾಡುತ್ತಿದ್ದರು. ಮದುವೆಯಾಗದ ಕಿರಿಯನಿಗೇ ಆ ಪಾಳಿ, ಅದಕ್ಕೆ ಬದಲಾಗಿ ಸೋಮವಾರ ರಜೆ. ಆದರೆ ಕೆಲಸವಿತ್ತು ಎಂದರೆ ಕೆಲಸದಲ್ಲಿದ್ದ ಎಂದಲ್ಲ. ಹಾಜರಿ ಪುಸ್ತಕವನ್ನು ಅವಳು ನಂಬುವವಳಲ್ಲ. ವಾರದ ಸಹಿಯನ್ನೆಲ್ಲ ಶನಿವಾರ ಒಟ್ಟಿಗೆ ಗೀಚುವುದನ್ನು ಎಲ್ಲ ಕಚೇರಿಗಳಲ್ಲೂ ನೋಡಿದ್ದಳು. ನಂಬಬಹುದಾದದ್ದು ಒಂದೇ ಒಂದು, ಲೈನ್ ಬಂದ್ ಪುಸ್ತಕ. ಕಂಬ ಹತ್ತುವ ಮುಂಚೆ ಕರೆಂಟು ತೆಗೆಸಿ ಹತ್ತುವವನು ಅದರಲ್ಲಿ ಸಹಿ ಹಾಕಬೇಕು. ಇಳಿದು ಬಂದು ಮತ್ತೆ ಸಹಿ ಹಾಕುವವರೆಗೆ ಕರೆಂಟು ಕೊಡುವಂತಿಲ್ಲ. ನಡುವೆ ಲೈನು ಬಿಟ್ಟು ಹೋಗುವುದಾದರೂ ಸಹಿ ಹಾಕಿಯೇ ಹೋಗಬೇಕು. ಆ ಪುಸ್ತಕದಲ್ಲಿ ಸುಳ್ಳು ಸಹಿ ಬಿದ್ದರೆ ಕಂಬದ ಮೇಲಿದ್ದವನು ಸುಟ್ಟು ಕರಕಲಾಗುತ್ತಾನೆ. ಅಷ್ಟು ಸೋಮಾರಿಯಾದ ಗುಮಾಸ್ತ ಇನ್ನೂ ಹುಟ್ಟಿಲ್ಲ.

ತಂಡದವರು ವಿದ್ಯುತ್ ಕಚೇರಿಯಿಂದ ಇದ್ದಬದ್ದ ಪುಸ್ತಕಗಳನ್ನೆಲ್ಲ ಎತ್ತಿಕೊಂಡು ಬಂದಿದ್ದರು. ಹಾಜರಿ ಪುಸ್ತಕ ಕಟ್ಟಿನಲ್ಲಿತ್ತು. ಉಳಿದದ್ದು ಟ್ರಂಕಿನಲ್ಲಿ, ಮೇಲೆ ಅರಗಿನ ಮೊಹರು, ಒಡೆಯದೆ ಹಾಗೇ ಇತ್ತು. ಬೇಕಾದ ಉತ್ತರ ಸಿಕ್ಕಿದ ಮೇಲೆ ಟ್ರಂಕು ತೆರೆಯುವ ಕಷ್ಟ ಯಾರೂ ತೆಗೆದುಕೊಂಡಿರಲಿಲ್ಲ.

ಅವಳೂ ಎರಡು ದಿನ ತೆಗೆಯಲಿಲ್ಲ. ಅದರ ಮೇಲೆಯೇ ಬುತ್ತಿ ಇಟ್ಟುಕೊಂಡು ಊಟ ಮಾಡಿದಳು. ಒಳಗಿನ ಪುಸ್ತಕದಲ್ಲಿ ಅಣ್ಣನ ಸಹಿ ಇಲ್ಲದಿದ್ದರೆ? ಮೂರಕ್ಕೆ ಇದ್ದು ಒಂದಕ್ಕೆ ಇಲ್ಲದಿದ್ದರೆ? ಗೊತ್ತಿಲ್ಲ ಎನ್ನುವುದರೊಳಗೆ ಒಂದು ಅರ್ಧ ಅಣ್ಣನಾದರೂ ಉಳಿದಿದ್ದ. ಮೂರನೇ ದಿನ, ಕಡತ ಒಯ್ಯುವ ಲಾರಿ ಮುಂದಿನ ವಾರ ಬರುತ್ತದೆ ಎಂದು ಮೇಲಿನಿಂದ ಕೂಗಿ ಹೇಳಿದರು. ಅವಳು ಮೇಜಿನ ಮೇಲಿದ್ದ ಕಬ್ಬಿಣದ 'ದಾಖಲೆ ಕೋಣೆ' ಫಲಕವನ್ನೇ ತೆಗೆದುಕೊಂಡು ಅರಗು ಒಡೆದಳು.

ಪುಸ್ತಕ ತಳದಲ್ಲಿತ್ತು. ಮೊದಲ ಭಾನುವಾರ: ಬೆಳಿಗ್ಗೆ ಆರಕ್ಕೆ ಹತ್ತಿದ್ದು, ಅಣ್ಣನ ಸಹಿ, ಸಂಜೆ ಆರಕ್ಕೆ ಇಳಿದದ್ದು, ಅಣ್ಣನ ಸಹಿ. ಎರಡನೆಯದೂ ಹಾಗೇ. ನಾಲ್ಕನೆಯದೂ. ಮೂರನೆಯದನ್ನು ಕೊನೆಗೆ ಇಟ್ಟುಕೊಂಡಿದ್ದಳು. ಅಲ್ಲಿ ಎರಡು ಸಹಿಗಳ ನಡುವೆ ಅಣ್ಣನ ಕೈಬರಹದಲ್ಲೇ ಒಂದು ಟಿಪ್ಪಣಿ: ಇನ್ನೂರ ಹನ್ನೆರಡನೇ ಕಂಬದ ತಲೆಯಲ್ಲಿ ಕಾಗೆಗೂಡು, ಮರಿ ಮೂರು. ಗೂಡನ್ನು ಪಕ್ಕದ ಮರಕ್ಕೆ ಸಾಗಿಸಿದ್ದರಿಂದ ಕೆಲಸ ಎರಡು ಗಂಟೆ ತಡ. ತಾಯಿಕಾಗೆ ತಲೆಗೆ ಎರಡು ಸಲ ಕುಕ್ಕಿದೆ.

ಕಡತದಕ್ಕ ನಕ್ಕಳು. ನಗುತ್ತಾ ನಗುತ್ತಾ ಅಳು ಬಂತು, ಅಳುವಿನ ಮಧ್ಯೆ ಸೀನು ಬಂತು. ಆ ನಾಲ್ವರನ್ನೂ ಬೆಳಿಗ್ಗೆ ಜೀವಂತ ನೋಡಿದವರಿದ್ದರು, ನಾಲ್ವರ ಹೆಣವೂ ಸಂಜೆ ಐದರೊಳಗೆ ಆಸ್ಪತ್ರೆ ಸೇರಿತ್ತು. ಬೆಳಗಿನಿಂದ ಸಂಜೆಯವರೆಗೆ ಅಣ್ಣ ಕಂಬದ ಮೇಲಿದ್ದ, ಕಾಗೆಯ ಕೈಲಿ ಕುಕ್ಕಿಸಿಕೊಳ್ಳುತ್ತಿದ್ದ. ಹಾಗಾದರೆ ಕೊಂದವನು ಯಾರು? ಆ ರಾಶಿ ಕಾಗದದಲ್ಲಿ ಅವನೆಲ್ಲೂ ಇರಲಿಲ್ಲ. ಅವನನ್ನು ಹುಡುಕಿದ್ದೆಲ್ಲ ಸೋಮವಾರಗಳಲ್ಲಿ. ಆ ನಾಲ್ವರು ಹೆಂಗಸರಿಗೆ ಕೊಡಲು ಅವಳ ಬಳಿ ಏನೂ ಇರಲಿಲ್ಲ, ಸರಿಯಾದ ವಾರವೊಂದನ್ನು ಬಿಟ್ಟು.

ಒಂದು ಸಾಲಿನ ಷರಾ ಹನ್ನೊಂದು ಪುಟವಾಯಿತು. ತಿಂಗಳ ಕೊನೆಯ ದಿನ, ಅವಳ ಕೊನೆಯ ದಿನವೂ ಅದೇ, ಸೂಪರಿಂಟೆಂಡೆಂಟರ ಮೇಜಿನ ಮೇಲಿಟ್ಟಳು.

"ಅಕ್ಕಾ, ಒಂದು ಸಾಲು ಅಂದ್ರೆ ಇದಾ?" ಎಂದು ಅವರು ನಗುತ್ತಾ ಎತ್ತಿಕೊಂಡರು. ಮೂರನೇ ಪುಟಕ್ಕೆ ನಗು ಹೋಯಿತು. ಪೂರ್ತಿ ಓದಿ, ಒಂದು ಲೋಟ ನೀರು ಕುಡಿದರು. "ಈ ಲೈನ್‌ಮನ್ ನಿಮಗೆ..."

"ಅಣ್ಣ ಸರ್."

"ಮೂವತ್ತೇಳು ವರ್ಷ ಇದು ಕೆಳಗಡೆ ಇಲ್ಲೇ ಇತ್ತಾ?"

"ಇಲ್ಲೇ ಇತ್ತು."

ಅವರು ಬೇಕೆಂದು ಚುಚ್ಚಿದ್ದಲ್ಲ. ಆದರೂ ಚುಚ್ಚಿತು. ತನಿಖೆ ಮಾಡಿದವರೆಲ್ಲ ತೀರಿಕೊಂಡಿದ್ದಾರೆ, ಈಗ ಕೇಸು ತೆರೆಯುವವರಿಲ್ಲ, ತಪ್ಪಾಯಿತು ಎನ್ನಲೂ ಯಾರೂ ಉಳಿದಿಲ್ಲ ಎಂದರು. ಆಮೇಲೆ ಪಟ್ಟಿಯಲ್ಲಿ 'ನಾಶಪಡಿಸಬಹುದು' ಎಂಬುದನ್ನು ಹೊಡೆದು 'ಶಾಶ್ವತವಾಗಿ ಇಡತಕ್ಕದ್ದು' ಎಂದು ಬರೆದು ಸಹಿ ಹಾಕಿದರು. ನಾಲ್ಕು ಕಟ್ಟು, ಟ್ರಂಕು, ಹನ್ನೊಂದು ಪುಟ ಶಾಶ್ವತ ದಾಖಲೆಗಳ ಒಂದನೇ ಕಪಾಟಿಗೆ ಹೋದವು. ಬೀಳ್ಕೊಡುಗೆಗೆ ಒಂದು ಗಡಿಯಾರ ಕೊಟ್ಟರು. ಇಪ್ಪತ್ತೆರಡು ಮೆಟ್ಟಿಲು ಕೊನೆಯ ಸಲ ಹತ್ತಿ ಅವಳು ಮನೆಗೆ ಬಂದಳು.

ಇನ್ನೂ ಬಿಸಿಲಿತ್ತು. ಅಣ್ಣ ಕಿಟಕಿಯ ಬಳಿ ಯಾರದೋ ಫ್ಯಾನು ಬಿಚ್ಚಿ ಹರಡಿಕೊಂಡು ಕೂತಿದ್ದ. ಅವಳು ಚಪ್ಪಲಿಯನ್ನೂ ಬಿಡದೆ ಎದುರಿಗೆ ಕೂತು ಎಲ್ಲವನ್ನೂ ಹೇಳಿದಳು. ಸಿಳ್ಳೆ, ಹೊದಿಕೆ, ಟ್ರಂಕು, ಕಾಗೆಗೂಡು. ಅವನು ಕೈಯಲ್ಲಿದ್ದ ತಿರುಪನ್ನು ತಿರುಗಿಸುತ್ತಾ ಕೇಳಿದ.

"ಓ, ಭಾನುವಾರವಾ," ಎಂದ. ತಿರುಪನ್ನು ಪಕ್ಕಕ್ಕಿಟ್ಟು, "ಆ ಕಾಗೆ ಕುಕ್ಕಿದ ಗಾಯ ಹದಿನೈದು ದಿನ ಇತ್ತು," ಎಂದ.

"ಅಷ್ಟೇನಾ ಅಣ್ಣ? ನೀನಲ್ಲ ಅಂತ ಗೊತ್ತಾಯ್ತು ಅಂತಿದ್ದೀನಿ!"

"ನಾನಲ್ಲ ಅಂತ ನನಗೆ ಮೊದಲಿಂದ ಗೊತ್ತಿತ್ತಲ್ಲೇ."

ಅವಳು ಚಪ್ಪಲಿ ಬಿಚ್ಚಿ ಪಕ್ಕಕ್ಕೆ ಸರಿಸಿದಳು. ನಲವತ್ತೊಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಈಗ ಹೇಳದಿದ್ದರೆ ಇನ್ನು ಯಾವಾಗಲೂ ಹೇಳುವುದಿಲ್ಲ ಎಂದು ಗೊತ್ತಿತ್ತು. "ಅಣ್ಣ, ಆ ಸೋಮವಾರ ನಾನು ಮಧ್ಯಾಹ್ನ ಬಂದಾಗ ಮನೆಗೆ ಬೀಗ ಹಾಕಿತ್ತು."

"ಗೊತ್ತು."

"ಏನ್ ಗೊತ್ತು?"

"ಸಿನಿಮಾಗೆ ಹೋಗಿದ್ದೆ. ಅಮ್ಮ ಬೈತಾಳೆ ಅಂತ ಮನೇಲಿ ಮಲಗಿದ್ದೆ ಅಂದ್ಬಿಟ್ಟಿದ್ದೆ, ಪೊಲೀಸ್ರಿಗೂ ಅದೇ ಬಾಯಿಗೆ ಬಂತು. ಸಿನಿಮಾ ಅಂತ ಹೇಳಿಬಿಡೋಣ ಅಂದ್ಕೊಳ್ತಾ ಇದ್ದೆ, ಅಷ್ಟರಲ್ಲಿ ನಿನ್ನ ಹೇಳಿಕೆ ಓದಿದ್ರು. ಬಂದಾಗ ಅಣ್ಣ ಮಲಗಿದ್ದ ಅಂತ. ಇಲ್ದೋನು ಮಲಗಿದ್ದ ಅಂತ ಹೇಳಿದ್ದೀಯ ಅಂದ್ರೆ, ನೀನು ಬಂದಿದ್ದೆ, ಬೀಗ ನೋಡಿದ್ದೆ ಅಂತ ಆಯ್ತಲ್ಲ. ಆಮೇಲೆ ನಾನು ನಿಜ ಹೇಳಿದ್ರೆ ಸುಳ್ಳು ಸಾಕ್ಷಿ ಅಂತ ನಿನ್ನ ಒಳಗೆ ಕೂರಿಸ್ತಿದ್ರು. ಹತ್ತೊಂಬತ್ತು ವರ್ಷ ನಿನಗೆ. ಸುಮ್ಮನಾದೆ."

"ನನಗಾದ್ರೂ ಹೇಳ್ಬಹುದಿತ್ತಲ್ಲ..."

"ನೀನು ಕೇಳ್ತೀಯ ಅಂತ ಕಾಯ್ತಿದ್ದೆ," ಎಂದ ಅಣ್ಣ. ಧ್ವನಿಯಲ್ಲಿ ದೂರು ಎಳ್ಳಷ್ಟೂ ಇರಲಿಲ್ಲ, ಬರೀ ದಣಿವಿತ್ತು. "ಆಮೇಲಾಮೇಲೆ ಕಾಯೋದೂ ಬಿಟ್ಟೋಯ್ತು."

ಅವಳು ತಲೆ ತಗ್ಗಿಸಿ ಕೂತಳು. ತನಗೇ ಕೇಳದಷ್ಟು ಮೆಲ್ಲಗೆ, "ನನ್ನ ಕೋಣೆ ಬಾಗಿಲು..." ಎಂದಳು.

"ಆ ಚಿಲಕ ಮೊದಲ ವಾರ ಎಷ್ಟು ಕಿರುಗುಟ್ತಿತ್ತು ಗೊತ್ತಾ? ಹಾಕೋಕೆ ನೀನು ಎಷ್ಟು ಒದ್ದಾಡ್ತಿದ್ದೆ. ನನಗೆ ಕೇಳಿಸ್ತು ಅಂತ ಗೊತ್ತಾದ್ರೆ ಬೆಳಿಗ್ಗೆ ನನ್ನ ಮುಖ ಹೇಗೆ ನೋಡ್ತೀಯ ಅನ್ನಿಸ್ತು. ನೀನು ಹೊರಗೆ ಹೋದಾಗ ಒಂದು ತೊಟ್ಟು ಎಣ್ಣೆ ಬಿಟ್ಟೆ," ಎಂದು ಫ್ಯಾನಿನ ರೆಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿದ. "ಚಹಾ ಮಾಡ್ತೀಯಾ? ನೀನು ಬರ್ಲಿ ಅಂತ ನಾನೂ ಕುಡಿದಿಲ್ಲ."

ಕಡತದಕ್ಕ ಎದ್ದಳು. ಅಡುಗೆ ಮನೆಗೆ ಹೋಗುವ ದಾರಿಯಲ್ಲಿ ಅವಳ ಕೋಣೆ. ಬಾಗಿಲು ತೆರೆದೇ ಇತ್ತು. ಒಳಗೆ ಕೈ ಚಾಚಿ ಚಿಲಕವನ್ನು ಮುಟ್ಟಿದಳು, ಬೆರಳಿಗೆ ಎಣ್ಣೆ ಹತ್ತಿತು. ತಿಂಗಳ ಕೊನೆಯ ದಿನವಲ್ಲವೇ, ಬೆಳಿಗ್ಗೆಯಷ್ಟೇ ಬಿಟ್ಟ ಎಣ್ಣೆ.